ಎರಡನೆಯ ಕಾಲಮ್ಮಿನ ಮಾತು

ಮಾರ್ಚ್ 2, ಭಾನುವಾರ ಮಧ್ಯಾಹ್ನ
ಪ್ರೆಸ್ಸಿನಿಂದ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಬೈಗುಳ ಆಮೇಲೆ ತೆಗೆದುಕೊಳ್ಳುತ್ತೇನೆ. ಈ ಒಂದು ವ್ಯವಹಾರದಲ್ಲಿ ಖರ್ಚಾದದ್ದು ಇಷ್ಟು: ತುಂಬಿಸಿದ ಪ್ರಶ್ನಾವಳಿಗಳು ಆರುನೂರ ಹನ್ನೆರಡು, ಒಬ್ಬ ಸಂಶೋಧಕಿಯ ಅರ್ಧ ವರ್ಷದ ದುಡಿಮೆ, ನನ್ನ ಮಗಳ ನಲವತ್ತೊಂದು ದಿನದ ಶಾಲೆ, ಅವಳ ಮೈಯಿಂದ ಆರು ಕಿಲೋ, ನನ್ನ ಹೆಂಡತಿಯ ವರ್ಷದ ರಜೆಯಷ್ಟೂ, ನಿನ್ನ ಮೂರು ಕಾಗದಗಳಿಗೆ ನಾನು ಬರೆಯದ ಮೂರು ಉತ್ತರ. ಇಷ್ಟರಲ್ಲಿ ಎಷ್ಟೋ ಪಾಲು ಐದಕ್ಷರದ ಒಂದು ಮಾತಿನ ಬಾಬ್ತು. ಅಚ್ಚು ಹಾಕಿದವನು ನಾನು.

ಫೋನು ಮಾಡಬಹುದಿತ್ತಲ್ಲ ಎಂದು ಕೇಳುತ್ತೀಯ. ನಾವಿಬ್ಬರೂ ಫೋನಿನಲ್ಲಿ ಮಾತಾಡುವ ವರಸೆ ನಿನಗೆ ಗೊತ್ತೇ ಇದೆ. "ಹೇಗಿದೀಯೋ?" "ಪರವಾಗಿಲ್ಲ. ನೀನು?" "ಪರವಾಗಿಲ್ಲ ಬಿಡೋ." ಆಮೇಲೆ ಭಾವನ ಕೆಮ್ಮು, ಇಲ್ಲಿಯ ಸೆಕೆ, ಮುಗಿಯಿತು. ಅದಕ್ಕೇ ಇವತ್ತು ಮೆಷಿನು ನಿಲ್ಲಿಸಿ, ಶಟರನ್ನು ಅರ್ಧ ಎಳೆದು, ಪ್ರೂಫ್ ನೋಡುವ ಮೇಜಿನ ಮೇಲೆ ಬರೆಯಲು ಕೂತಿದ್ದೇನೆ. ಹಾಳೆ ಬೇಕಾದಷ್ಟಿದೆ. ಹಾಳೆಗೆ ಮಾತ್ರ ನನ್ನ ಜೀವನದಲ್ಲಿ ಬರ ಬಂದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಒಬ್ಬ ಮೇಡಂ ಬಂದರು. ವಿಶ್ವವಿದ್ಯಾಲಯದಲ್ಲಿ ಹದಿಹರೆಯದ ಮಕ್ಕಳ ಮನಸ್ಸಿನ ಆರೋಗ್ಯದ ಮೇಲೆ ಸಂಶೋಧನೆ ಮಾಡುವವರು. ಶಾಲೆಗಳಿಗೆ ಹೋಗಿ ಮಕ್ಕಳ ಕೈಗೆ ಕೊಡಲು ಹದಿನೆಂಟು ಪ್ರಶ್ನೆಗಳ ಒಂದು ಹಾಳೆ ಅಚ್ಚಾಗಬೇಕಿತ್ತು. ನಮ್ಮ ಬೈಂಡಿಂಗ್ ಅಮ್ಮ ಅವತ್ತೇ ಅವರಿಗೆ "ಹದಿನೆಂಟು ಮೇಡಂ" ಎಂದು ಹೆಸರಿಟ್ಟಳು. ಬೈಂಡಿಂಗ್ ಅಮ್ಮನನ್ನು ನೀನು ನೋಡಿದ್ದೀಯ. ಇಪ್ಪತ್ತೆರಡು ವರ್ಷದಿಂದ ನನ್ನನ್ನು ಯಜಮಾನ್ರೇ ಎಂದು ಕರೆಯುತ್ತಾಳೆ, ಅಷ್ಟೇ ವರ್ಷದಿಂದ ಯಜಮಾನಿಕೆ ತಾನೇ ನಡೆಸುತ್ತಾಳೆ.

ನನ್ನ ಬಾಯಿ ಸುಮ್ಮನಿರುತ್ತದೆಯೇ? "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಬಿಡಿ ಮೇಡಂ" ಎಂದೆ.

"ಇತ್ತು ಸರ್. ಯಾರೂ ಕೇಳ್ತಿರಲಿಲ್ಲ."

"ಕೇಳಿದ್ರೆ ಹೇಳಿಬಿಡ್ತಾರಾ?"

"ಹೇಗೆ ಕೇಳ್ತೀವಿ ಅನ್ನೋದರ ಮೇಲಿದೆ. ದೊಡ್ಡವರಿಗೆ ಬರೋ ಮನಸ್ಸಿನ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಹದಿನೆಂಟರೊಳಗೇ ಶುರುವಾಗಿರುತ್ತವೆ. ಆಗಲೇ ಹಿಡಿದರೆ ಎಷ್ಟೋ ಕಡಿಮೆ ಆಗುತ್ತೆ. ಆದರೆ ಪ್ರಶ್ನೆಯಲ್ಲಿ ಒಂದು ಪದ ಆಚೀಚೆ ಆಯ್ತು ಅಂದ್ರೆ ಮಗು ಬೇರೆಯದೇ ಉತ್ತರ ಕೊಡುತ್ತೆ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಮೂವತ್ತು ವರ್ಷ ಅಕ್ಷರ ಜೋಡಿಸಿಕೊಂಡೇ ಮನೆ ಕಟ್ಟಿದವನಿಗೆ ಈಕೆ ಪದದ ಪಾಠ ಹೇಳುತ್ತಾಳಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ಹಾಳೆ ಹೀಗಿತ್ತು. ಎಡಗಡೆ ಪ್ರಶ್ನೆಗಳು: ರಾತ್ರಿ ನಿದ್ದೆ ಬರುವುದಿಲ್ಲವೇ, ಯಾರ ಜೊತೆಯೂ ಸೇರಬೇಕೆನಿಸುವುದಿಲ್ಲವೇ, ಹೀಗೆ. ಬಲಗಡೆ ಗುರುತು ಹಾಕಲು ನಾಲ್ಕು ಕಾಲಂ. ಒಂದನೆಯದು "ಇಲ್ಲವೇ ಇಲ್ಲ." ಎರಡನೆಯದು "ಇದೆ, ಆದರೆ ತಡೆದುಕೊಳ್ಳಬಲ್ಲೆ." ಮೂರನೆಯದು "ಇದೆ, ಕಷ್ಟವಾಗುತ್ತಿದೆ." ನಾಲ್ಕನೆಯದು "ತಡೆಯಲಾಗುತ್ತಿಲ್ಲ." ಕಾಲಮ್ಮಿನ ಅಗಲ ಎರಡು ಬೆರಳು. ಎರಡನೆಯದನ್ನು ಹಾಕಿದರೆ "ತಡೆದುಕೊ" ಒಂದು ಸಾಲಿನಲ್ಲಿ, "ಳ್ಳಬಲ್ಲೆ" ಕೆಳಗಿನ ಸಾಲಿನಲ್ಲಿ. ನನಗೆ ಅಂಥದ್ದನ್ನು ಕಂಡರೆ ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಮೇಡಂಗೆ ಫೋನು ಮಾಡಿದೆ. ಅವರು ಬಸ್ಸಿನಲ್ಲಿದ್ದರು, ಸುತ್ತ ಗಲಾಟೆ.

"ಮೇಡಂ, ಎರಡನೇ ಕಾಲಮ್ಮಿನಲ್ಲಿ ಮಾತು ಹಿಡೀತಿಲ್ಲ. ಏನು ಹಾಕಲಿ?"

"ಪರವಾಗಿಲ್ಲ" ಎಂದರು ಮೇಡಂ.

"ಪರವಾಗಿಲ್ಲ ಅಂತಲಾ?"

"ಹೂಂ, ಪರವಾಗಿಲ್ಲ ಸರ್, ಹಾಕಿ."

ಹಾಕಿದೆ! ಒಡೆದರೂ ಚಿಂತೆಯಿಲ್ಲ, ಹಾಗೇ ಹಾಕಿ ಎಂದು ಅವರು ಹೇಳಿದ್ದು. ನಾನು ಆ ಮಾತನ್ನೇ ತೆಗೆದುಕೊಂಡು ಕಾಲಮ್ಮಿನ ನೆತ್ತಿಯ ಮೇಲೆ ಕೂರಿಸಿದೆ. ಎಷ್ಟು ಚೊಕ್ಕವಾಗಿ ಕೂತಿತು ಗೊತ್ತೇ ಅಕ್ಕ! ಎರಡು ಬದಿಗೂ ಸಮನಾದ ಜಾಗ. ಓದಿದವರು ಓದಿದವರೇ, ಮೂರು ಪದದ ಭಾವವನ್ನು ಒಂದೇ ಪದದಲ್ಲಿ ಹೇಳಿಬಿಟ್ಟರಲ್ಲ ಎಂದು ಮೆಚ್ಚಿಕೊಂಡೆ. ಪ್ರೂಫಿಗೆ ಅವರ ಆಫೀಸಿನ ಯಾರೋ ಸಹಿ ಹಾಕಿ ಕಳಿಸಿದರು. ನವೆಂಬರಿನಲ್ಲಿ ನಾಲ್ಕು ಶಾಲೆಗಳ ಮಕ್ಕಳು ಅದನ್ನು ತುಂಬಿದರು. ಅದರಲ್ಲೊಂದು ನಮ್ಮ ಅಳಿಲಿನ ಶಾಲೆ.

ಅಳಿಲು ಎಂದರೆ ನಿನಗೆ ಇನ್ನೂ ಆರು ವರ್ಷದ್ದು, ರಬ್ಬರು ಚೂರುಗಳನ್ನು ಕೂಡಿಡುತ್ತಿದ್ದದ್ದು. ಈಗ ಮಗಳಿಗೆ ಹದಿನಾರು. ಅಕ್ಟೋಬರಿನಿಂದಲೇ ಮಾತು ಕಡಿಮೆಯಾಗಿತ್ತು. ಊಟದ ತಟ್ಟೆ ಅರ್ಧ ಹಾಗೇ ಉಳಿಯುತ್ತಿತ್ತು. ಇವಳು, ಅಂದರೆ ನನ್ನ ಹೆಂಡತಿ, "ಮಗೂಗೆ ಏನೋ ಆಗಿದೆ ರೀ" ಎಂದು ಎರಡು ಸಲ ಹೇಳಿದಳು. ನಾನು ಬಾಗಿಲಲ್ಲಿ ನಿಂತು "ಏನಮ್ಮಾ, ಹೇಗಿದೀಯ?" ಎಂದು ಕೇಳುತ್ತಿದ್ದೆ. "ಪರವಾಗಿಲ್ಲಪ್ಪ" ಎನ್ನುತ್ತಿದ್ದಳು. ಕೇಳುವ ಕೆಲಸ ನಾನು ಮಾಡಿದ್ದೆ, ಹೇಳುವ ಕೆಲಸ ಅವಳು ಮಾಡಿದ್ದಳು. ಇಬ್ಬರ ಬಾಕಿಯೂ ಚುಕ್ತಾ ಎಂದುಕೊಂಡು ಪ್ರೆಸ್ಸಿಗೆ ಬರುತ್ತಿದ್ದೆ.

ಡಿಸೆಂಬರಿನ ನಡುವೆ ಒಂದು ಬೆಳಗ್ಗೆ ಹದಿನೆಂಟು ಮೇಡಂ ಮತ್ತೆ ಬಂದರು. ಕೂದಲು ಬಾಚಿರಲಿಲ್ಲ. ಹಾಳೆಯೊಂದನ್ನು ನನ್ನ ಮುಂದೆ ಹಿಡಿದು, "ಸರ್, ಇದು ಯಾರ ಮಾತು?" ಎಂದರು.

"ನಿಮ್ಮದೇ ಮೇಡಂ! ಫೋನಿನಲ್ಲಿ ನೀವೇ ಹೇಳಿದ್ರಿ."

"ನಾನಾ?"

"ಏನು ಹಾಕಲಿ ಅಂದೆ, ಪರವಾಗಿಲ್ಲ ಅಂದ್ರಿ. ಎರಡೆರಡು ಸಲ."

ಬೈಂಡಿಂಗ್ ಅಮ್ಮ ಅಂಟಿನ ಬ್ರಷ್ಷು ಕೆಳಗಿಟ್ಟು ಜೋರಾಗಿ ನಕ್ಕಳು. "ಸದ್ಯ, ಹಾಳಾಗಿ ಹೋಗಲಿ ಅನ್ನಲಿಲ್ಲವಲ್ಲ ಮೇಡಂ, ಅದನ್ನೂ ಹಾಕಿರೋರು ಇವರು!"

ಮೇಡಂ ನಗಲಿಲ್ಲ. ಹಾಳೆಯ ಕಟ್ಟುಗಳ ಮೇಲೆ ಕುಸಿದು ಕೂತರು. ನನಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು. ಮೂರನೆಯ ನಾಲ್ಕನೆಯ ಕಾಲಮ್ಮಿಗೆ ಗುರುತು ಹಾಕಿದ ಮಕ್ಕಳನ್ನು ಎರಡು ದಿನದೊಳಗೆ ಕರೆದು ಮಾತಾಡಿಸುತ್ತಾರೆ. ಎರಡನೆಯ ಕಾಲಮ್ಮಿನವರನ್ನು ಒಂದು ವಾರದೊಳಗೆ. ಹಾಗೆ ಒಂದೈವತ್ತು ಮಕ್ಕಳು ಬರಬಹುದು ಎಂದು ಅವರ ಅಂದಾಜು. ಬಂದದ್ದು ಮುನ್ನೂರ ನಲವತ್ತು. ಮಾತಾಡಿಸುವವರು ಇಬ್ಬರೇ, ದಿನಕ್ಕೆ ಹತ್ತು ಮಕ್ಕಳಾದರೆ ಹೆಚ್ಚು. ಕರೆದರೆ ಬಂದವರೆಲ್ಲ ಕಿಲಕಿಲ ನಗುವವರೇ. "ಪರವಾಗಿಲ್ಲ ಅಂದ್ರೆ ಚೆನ್ನಾಗಿದ್ದೀವಿ ಅಂತಲ್ವಾ ಮಿಸ್?"

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ ಮೇಡಂ" ಎಂದೆ ನಾನು. ನೋಡು, ಆಗಲೂ ನನ್ನ ಬಾಯಿ.

"ಮೊನ್ನೆ ಒಂದು ಹುಡುಗಿಯನ್ನ ಕೇಳಿದೆ ಸರ್. ಪರವಾಗಿಲ್ಲ ಅಂದ್ರೆ ಏನಮ್ಮ ಅಂತ. 'ನನ್ನ ವಿಷಯ ಬಿಡಿ ಅಂತ' ಅಂದ್ಲು. ಎರಡೂ ಥರದವರು ಒಂದೇ ಕಾಲಮ್ಮಿನಲ್ಲಿ ಸೇರಿಹೋಗಿದ್ದಾರೆ. ಚೆನ್ನಾಗಿರೋರ ಹಿಂದೆ ಚೆನ್ನಾಗಿಲ್ಲದವರು ಸರದಿ ಕಾಯ್ತಾ ನಿಂತಿದ್ದಾರೆ. ಇನ್ನೂ ಇನ್ನೂರು ಮಕ್ಕಳಿಗೆ ಕರೆ ಹೋಗಿಲ್ಲ."

ಆಗ ಬೈಂಡಿಂಗ್ ಅಮ್ಮನ ನಗು ನಿಂತದ್ದು. ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದಳು.

"ಯಜಮಾನ್ರೇ, ಹೇಳಲೋ ಬೇಡವೋ ಅಂತ ವಾರದಿಂದ ಒದ್ದಾಡ್ತಿದೀನಿ. ನಮ್ಮ ಅಳಿಲು ದಿನಾ ಸಂಜೆ ಬಂದು ಒಂದೊಂದು ಸಾಮಾನು ಕೊಟ್ಟು ಹೋಗ್ತಿದೆ. ಬಣ್ಣದ ಪೆನ್ಸಿಲ್ಲಿನ ಡಬ್ಬಿ ಕೊಡ್ತು. ಕತ್ತರಿ ಕೊಡ್ತು. ಮೊನ್ನೆ ತನ್ನ ಸ್ವೆಟರನ್ನ ನನ್ನ ಮೊಮ್ಮಗಳಿಗೆ ಅಂತ ಕೊಡ್ತು. ಯಾಕಮ್ಮ, ಚಳಿಗಾಲ ಈಗ ತಾನೇ ಶುರುವಾಗ್ತಿದೆ ಅಂದೆ. 'ನನಗಿನ್ನು ಬೇಡ ಅಜ್ಜಿ' ಅಂತು. ಮನೆ ಖಾಲಿ ಮಾಡೋರು ಕೊಡ್ತಾರಲ್ಲ, ಹಾಗೆ ಕೊಡ್ತಿದೆ ಮಗು."

ಮೇಡಂ ಎದ್ದು ನಿಂತಿದ್ದರು. "ಮಗಳು ಈಗ ಎಲ್ಲಿದ್ದಾಳೆ?"

"ಮನೇಲಿ. ತಲೆನೋವು ಅಂತ ಮೂರು ದಿನದಿಂದ ಶಾಲೆಗೆ ಹೋಗಿಲ್ಲ."

"ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ."

ಮೆಷಿನು ನಿಲ್ಲಿಸಿದೆನೋ ಇಲ್ಲವೋ ನೆನಪಿಲ್ಲ. ಮೇಡಂ ಜೊತೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಕೊನೆಗೆ ಒಂದೇ ಕೇಳಿದೆ: "ಮೇಡಂ, ಅದನ್ನ ಬಾಯಿಬಿಟ್ಟು ಕೇಳಿದ್ರೆ ಇಲ್ಲದ ಯೋಚನೆ ನಾವೇ ತಲೆಗೆ ಹಾಕಿದ ಹಾಗಾಗಲ್ವಾ?" "ಆಗಲ್ಲ ಸರ್" ಎಂದರು. "ಅದನ್ನೂ ಎಷ್ಟೋ ಕಡೆ ಪರೀಕ್ಷೆ ಮಾಡಿ ನೋಡಿದ್ದಾರೆ. ಕೇಳಿದ್ರೆ ಸಾಮಾನ್ಯವಾಗಿ ಭಾರ ಇಳಿಯುತ್ತೆ, ಹೆಚ್ಚಾಗಲ್ಲ."

ಅಳಿಲು ಬಾಗಿಲು ತೆರೆಯಿತು. ತೆರೆಯಿತು ಅಕ್ಕ, ಅದನ್ನು ಎರಡು ಸಲ ಬರೆಯುತ್ತೇನೆ, ಬಾಗಿಲು ತೆರೆಯಿತು. ಮೂರು ದಿನದ ಅದೇ ಬಟ್ಟೆ. ಕೋಣೆಯೊಳಗೆ ನೋಡಿದರೆ ಕಪಾಟು ಚೊಕ್ಕಟ, ಮೇಜು ಚೊಕ್ಕಟ, ಹೋಟೆಲಿನ ರೂಮಿನ ಹಾಗೆ. ಮೇಡಂ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಅವಳ ಪಕ್ಕ ನೆಲದ ಮೇಲೆ ಕೂತರು.

"ಹೇಗಿದೀಯಮ್ಮ?"

"ಪರವಾಗಿಲ್ಲ."

"ಯಾವ ಪರವಾಗಿಲ್ಲ? ಚೆನ್ನಾಗಿದ್ದೀನಿ ಅನ್ನೋ ಪರವಾಗಿಲ್ಲವಾ, ನನ್ನ ವಿಷಯ ಬಿಡಿ ಅನ್ನೋ ಪರವಾಗಿಲ್ಲವಾ?"

ಅವಳು ಅವರ ಮುಖವನ್ನು ನೋಡಿದಳು. ಗೋಡೆ ನೋಡಿದಳು. ನನ್ನನ್ನು ನೋಡಲಿಲ್ಲ.

"ಎರಡನೇದು" ಎಂದಳು.

ಆಮೇಲೆ ಮೇಡಂ ಕೇಳಬೇಕಾದ್ದನ್ನೆಲ್ಲ ಕೇಳಿದರು, ನೇರವಾಗಿ, ಊಟ ಆಯಿತೇ ಎಂದು ಕೇಳುವ ದನಿಯಲ್ಲಿ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಆ ಉತ್ತರಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ಅವಳವು. ಸಾಯುವ ಯೋಚನೆ ಬಂದು ಹೋಗಿ ಮಾಡುತ್ತಿತ್ತು, ಕೊನೆಕೊನೆಗೆ ಹೋಗುತ್ತಿರಲಿಲ್ಲ ಎಂಬಷ್ಟು ನಿನಗೆ ತಿಳಿದಿರಲಿ. ಅವತ್ತೇ ಮಧ್ಯಾಹ್ನ ಆಸ್ಪತ್ರೆಗೆ ಹೋದೆವು. ಇವಳು ಕೆಲಸದಿಂದ ನೇರ ಅಲ್ಲಿಗೇ ಬಂದಳು.

ಅಲ್ಲಿಂದ ಈಚೆಗೆ ನಮ್ಮದು ಕುರ್ಚಿಗಳ ಬದುಕು. ಎಲ್ಲ ಆಸ್ಪತ್ರೆಗಳಲ್ಲೂ ಅದೇ ಕುರ್ಚಿ, ಒಂದಕ್ಕೊಂದು ಕಬ್ಬಿಣದಿಂದ ಬೆಸೆದದ್ದು, ಒಬ್ಬ ಕಾಲು ಅಲ್ಲಾಡಿಸಿದರೆ ಸಾಲಿಡೀ ನಡುಗುವಂಥದ್ದು. ಮೊದಲ ದಿನ ತಂದೆತಾಯಿಗಳಿಗೂ ಒಂದೊಂದು ಹಾಳೆ ಕೊಟ್ಟರು, ನಿಮ್ಮ ಮಗು ಹೇಗಿದೆ ಎಂದು ಬರೆಯಲು. ನಾನು ನಾಲ್ಕು ನಿಮಿಷದಲ್ಲಿ ತುಂಬಿ ಕೊಟ್ಟೆ. ಇವಳು ಐದನೆಯ ಪ್ರಶ್ನೆಗೇ ಒಂದು ಗಂಟೆ ಕೂತಿದ್ದಳು. ಅಳಿಲು ಬಗ್ಗಿ ನನ್ನ ಹಾಳೆ ನೋಡಿ, "ಅಪ್ಪಾ, ನಾಲ್ಕು ನಿಮಿಷಕ್ಕೆ ನನ್ನನ್ನ ಮುಗಿಸಿಬಿಟ್ಟಿಯಲ್ಲ" ಎಂದಳು. ತಮಾಷೆಗೇ ಅಂದಳು ಅಂದುಕೊಂಡಿದ್ದೇನೆ. ಮಕ್ಕಳ ಹಾಳೆಯೂ ಹೆತ್ತವರ ಹಾಳೆಯೂ ಹೊಂದುವುದು ಅಪರೂಪ, ಅದರ ಮೇಲೇ ದೊಡ್ಡ ಸಂಶೋಧನೆ ನಡೆದಿದೆ ಎಂದು ಆಮೇಲೆ ಮೇಡಂ ಹೇಳಿದರು. ನನ್ನಂಥವರ ದಯದಿಂದ ಎಷ್ಟು ಜನರ ಹೊಟ್ಟೆ ನಡೆಯುತ್ತಿದೆ ನೋಡು.

ಕಾರಣ ಏನು ಎಂದು ನೀನೂ ಕೇಳುತ್ತೀಯ. ಹುಡುಕಿ ಹುಡುಕಿ ಸುಸ್ತಾದೆ. ಜೊತೆಗಾತಿಯೊಬ್ಬಳು ಮಾತು ಬಿಟ್ಟಿದ್ದು, ನಿದ್ದೆ ಕೆಟ್ಟದ್ದು, ತರಗತಿಯಲ್ಲಿ ಹಿಂದೆ ಬಿದ್ದದ್ದು, ಎಲ್ಲವೂ ಇದೆ, ಯಾವುದೂ ಅಲ್ಲ. "ಬಿಲ್ಲಿನ ಥರ ಒಂದೇ ಸಾಲಿನಲ್ಲಿ ಬರಲ್ಲ ಸರ್" ಎಂದರು ಡಾಕ್ಟರು. ಈಗ ಗುರುವಾರ ಗುರುವಾರ ಒಂದು ಗಂಟೆ ಅವಳು ಒಳಗೆ ಹೋಗಿ ಮಾತಾಡಿ ಬರುತ್ತಾಳೆ. ಏನು ಮಾತಾಡಿದೆ ಎಂದು ಕೇಳಬಾರದಂತೆ. ಕೇಳದೇ ಇರುವುದು ಇಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಮಾತ್ರೆಯೂ ಇದೆ. ಕಳೆದ ವಾರದಿಂದ ಅರ್ಧ ದಿನ ಶಾಲೆ. ಆರು ಕಿಲೋದಲ್ಲಿ ಎರಡು ವಾಪಸು ಬಂದಿದೆ. ಒಂದು ದಿನ ಚೆನ್ನಾಗಿದ್ದರೆ ಎರಡು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ನಾವಿಬ್ಬರೂ ಪಾಳಿ ಹಾಕಿಕೊಂಡು ಮನೆಯಲ್ಲಿರುತ್ತೇವೆ, ಪಾಳಿ ಬದಲಾಗುವಾಗ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡುತ್ತೇವೆ, ಅಷ್ಟೇ ಈಗಿನ ಸಂಸಾರ.

ಮೇಡಂ ತಮ್ಮ ಹಾಳೆಗಳನ್ನೆಲ್ಲ ರದ್ದು ಮಾಡಿದರು. ಬಾಕಿ ಇದ್ದ ಇನ್ನೂರು ಮಕ್ಕಳನ್ನು ಮಾತಾಡಿಸಲು ಇನ್ನೂ ಆರು ಜನರನ್ನು ಎಲ್ಲಿಂದಲೋ ಹೊಂದಿಸಿ ಒಂದು ವಾರದಲ್ಲಿ ಮುಗಿಸಿದರು. ಹದಿನಾಲ್ಕು ಮಕ್ಕಳು "ಎರಡನೇದು" ಎಂದರಂತೆ. ಹೊಸ ಹಾಳೆಯನ್ನು ನಾನೇ ಅಚ್ಚು ಹಾಕಿ ಕೊಟ್ಟೆ, ಈ ಸಲ ಕಾಲಮ್ಮನ್ನು ಅಗಲ ಮಾಡಿ. ಅದಕ್ಕೂ ಮುಂಚೆ ಅವರು ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ ಆ ಒಂದು ಮಾತಿನ ಅರ್ಥ ಬರೆಸಿದರು. ಕೆಲವನ್ನು ಹೆಸರಿಲ್ಲದೆ ನನಗೆ ಓದಿ ಹೇಳಿದರು. "ಇನ್ನೇನೂ ಕೇಳಬೇಡಿ ಅಂತ." "ಮಾರ್ಕ್ಸು ಕಡಿಮೆ ಬಂದಿದೆ ಅಂತ." "ಅಡುಗೆ ಚೆನ್ನಾಗಿಲ್ಲ ಅಂತ, ಆದರೆ ಅಮ್ಮನ ಮುಂದೆ ಹೇಳಬಾರದು." "ಕೇಳಿದವರು ಹೊರಟು ನಿಂತಿರುತ್ತಾರೆ, ಅವರಿಗೆ ಹೊತ್ತಾಗಬಾರದು ಅಂತ." ಕೊನೆಯದನ್ನು ಓದಿ ಮೇಡಂ ನನ್ನ ಮುಖ ನೋಡಲಿಲ್ಲ. ನಾನು ಯಾರು ಬರೆದದ್ದು ಎಂದು ಕೇಳಲಿಲ್ಲ.

ಈಗ ನನ್ನದೊಂದು ಪ್ರಶ್ನೆ, ಅದಕ್ಕೆ ಫೋನಿನಲ್ಲಿ ಉತ್ತರ ಬೇಡ. ಮಂಡಿಯ ಆಪರೇಷನ್ ಆದ ಮೇಲೆ ಪ್ರತಿ ಸಲವೂ ನೀನು ಪರವಾಗಿಲ್ಲ ಎನ್ನುತ್ತೀಯ. ಅಳಿಲು ಮೊನ್ನೆ ಕೇಳಿದಳು, "ಅತ್ತೇದು ಯಾವುದಪ್ಪ, ಒಂದನೇದಾ, ಎರಡನೇದಾ?" ಬರೆದು ತಿಳಿಸು. ಎಷ್ಟು ಉದ್ದ ಬೇಕಾದರೂ ಬರೆ.

ಭಾವನಿಗೆ ನಮಸ್ಕಾರ ತಿಳಿಸು, ಕೆಮ್ಮಿಗೆ ಔಷಧಿ ಬಿಡದಿರಲಿ. ನೀನು ಅಲ್ಲಿಂದಲೇ ನಮ್ಮ ಹುಡುಗಿಯ ತಲೆಯ ಮೇಲೆ ಒಂದು ಕೈ ಇಡು. ಅವಳು ನಗುವುದನ್ನು ಕಾಣುವಷ್ಟು ಕಾಲ ನಮ್ಮಿಬ್ಬರಿಗೂ ಮೈಯಲ್ಲಿ ಕಸುವಿರಲಿ ಎಂದು ಹರಸು. ಸದ್ಯಕ್ಕೆ ಬೇರೆ ಏನೂ ಬೇಡ.

ನಿನ್ನ ತಮ್ಮ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಮೇಡಂ ಬಂದ ದಿನ ನನಗೆ ಎಲ್ಲ ಗೊತ್ತಾಯಿತು ಎಂಬ ಹಾಗೆ ಮೇಲೆ ಬರೆದಿದ್ದೇನೆ. ಹಾಗಲ್ಲ. ಮಕ್ಕಳು ತುಂಬಿದ ಹಾಳೆಗಳು ಸ್ಕ್ಯಾನಿಗೆ ನನ್ನ ಹತ್ತಿರವೇ ಬಂದಿದ್ದವು. ಹೆಸರಿಲ್ಲ, ನಂಬರು ಮಾತ್ರ. ಮುನ್ನೂರು ದಾಟಿದ ಮೇಲೆ ಒಂದು ಹಾಳೆ ಕೈಗೆ ಬಂತು. ಗುರುತುಗಳ ಬಾಲ ಎಡಕ್ಕೆ ತಿರುಗಿತ್ತು. ಎಡಗೈಯವರು ಎಷ್ಟೋ ಜನ ಇರಬಹುದು, ಆದರೆ ಆ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು. ಹದಿನೆಂಟು ಪ್ರಶ್ನೆ, ಹದಿನೆಂಟೂ ಗುರುತು ಎರಡನೆಯ ಕಾಲಮ್ಮಿನಲ್ಲಿ. ಹನ್ನೊಂದನೆಯ ಪ್ರಶ್ನೆಯಲ್ಲಿ ಪೆನ್ನು ಒತ್ತಿ ಒತ್ತಿ ಹಾಳೆ ತೂತಾಗಿತ್ತು. ಆ ಪ್ರಶ್ನೆ ಇದು: "ನಾನು ಇಲ್ಲದಿದ್ದರೆ ಮನೆಯವರಿಗೆ ಹಗುರವಾಗುತ್ತದೆ ಎಂದು ಅನ್ನಿಸುತ್ತದೆಯೇ?" ಅದರ ನೇರಕ್ಕೆ, ನಾನೇ ಕೂರಿಸಿದ ಅಕ್ಷರದಲ್ಲಿ, ಪರವಾಗಿಲ್ಲ.

ಓದಿದೆ. ತೂತಿನ ಮೇಲೆ ಬೆರಳು ಆಡಿಸಿದೆ. ಪರವಾಗಿಲ್ಲ ಎಂದೇ ಹಾಕಿದ್ದಾಳಲ್ಲ ಎಂದು ಹೇಳಿಕೊಂಡು ಮುಂದಿನ ಹಾಳೆ ತೆಗೆದುಕೊಂಡೆ. ಅಚ್ಚಿನ ತಪ್ಪು ನನಗೆ ಆಗ ತಿಳಿದಿರಲಿಲ್ಲ. ಆದರೆ ಆ ತೂತು ಅಚ್ಚಿನ ತಪ್ಪಲ್ಲ ಎಂದು ತಿಳಿದಿತ್ತು. ಅವತ್ತಿನಿಂದ ಮೇಡಂ ಬರುವವರೆಗೆ ಹತ್ತೊಂಬತ್ತು ದಿನ. ಇವಳಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ನಿನಗೇ ಮೊದಲು. ಈ ಗುರುವಾರ ಅವಳು ಒಳಗೆ ಹೋಗುವ ಮುಂಚೆ ಹೇಳಬೇಕೆಂದಿದ್ದೇನೆ.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ಮೇಡಂಗೆ ಒಂದು ಮಾತಿನ ಎರಡು ಅರ್ಥದ ಮೇಲೆ ಹೊಸ ಸಂಶೋಧನೆ. ಹದಿನಾಲ್ಕು ಮಕ್ಕಳಿಗೆ ಸರದಿಗೆ ಮುಂಚೆ ಒಂದು ಕರೆ. ಬೈಂಡಿಂಗ್ ಅಮ್ಮನ ಮೊಮ್ಮಗಳಿಗೆ ಸ್ವೆಟರು. ಅಳಿಲು ವಾಪಸು ಕೇಳಿದಳು, ಆ ಮಗು ಕೊಡಲಿಲ್ಲ. ಹೆಂಡತಿಗೆ ಏನೂ ಇಲ್ಲ. ನನಗೆ ಮಗಳು, ಕೊಟ್ಟವಳು ಬೈಂಡಿಂಗ್ ಅಮ್ಮ.